ಗಂಧೆ ಎದ್ದ ವರ್ಷಗಳು

ನಮ್ಮ ಮನೆಯಲ್ಲಿ ಕರಿಕಂಬಳಿ ಇಲ್ಲ. ಹೋದ ತಿಂಗಳು ಎದುರುಮನೆಯಾಕೆ ಬಾಗಿಲಿಗೆ ಬಂದು, ಸೊಸೆಗೆ ಪಿತ್ತದ ಗಂಧೆ ಎದ್ದಿದೆ, ಮೈ ಉಜ್ಜಬೇಕು, ಒಂದು ಕಂಬಳಿ ಇದ್ದರೆ ಕೊಡಿ ಎಂದು ಕೇಳಿದರು. ಇಲ್ಲ ಎಂದು ಹೇಳಿ ಕಳಿಸಬಹುದಾಗಿತ್ತು. ಸಂಜಯನಗರದಲ್ಲಿ ಈಗ ಯಾರ ಮನೆಯಲ್ಲಿ ಕಂಬಳಿ ಇರುತ್ತದೆ, ಇಲ್ಲ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಆ ಸೊಸೆ ಇನ್ನೂ ಹಸಿ ಬಾಣಂತಿ. ಎದುರುಮನೆಯಾಕೆ ಹೋಗುವಾಗ ತಿರುಗಿ ನಿಂತು, "ಮೈಯಲ್ಲಿ ಇಷ್ಟೊಂದು ಪಿತ್ತ ಇಟ್ಕೊಂಡು ಮಗೂಗೆ ಹಾಲು ಕೊಡೋದು ಹೇಗೆ ಅಂತಾನೇ ಯೋಚ್ನೆ ಕಣ್ರೀ" ಅಂದರು. ಒಲೆಯ ಮೇಲೆ ಇಟ್ಟಿದ್ದ ಹಾಲನ್ನು ಇಳಿಸಿ, ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆಯೇ ಹೊರಟೆ.

ಆ ಹುಡುಗಿಗೆ ಹೇಳಬೇಕಾದದ್ದನ್ನು ಹೇಳಿ ಬಂದೆ. ಕಂಬಳಿ ಬೇಡ, ಡಾಕ್ಟರ ಹತ್ತಿರ ಹೋಗು, ಯಾರು ಏನೇ ಅಂದರೂ ಮಗುವಿಗೆ ಹಾಲು ಬಿಡಿಸಬೇಡ. ಅವಳ ಅತ್ತೆಗೆ ಅಷ್ಟೇನೂ ಹಿಡಿಸಲಿಲ್ಲ. ಮನೆಗೆ ಬಂದ ಮೇಲೆ, ಇದನ್ನು ಒಂದು ಸಲ ಬರೆದಿಟ್ಟರೆ ಇನ್ನಷ್ಟು ಜನಕ್ಕೆ ತಲುಪೀತು ಅನ್ನಿಸಿತು. ಗಂಧೆ ಅಂದರೆ ನಗುವವರೇ ಹೆಚ್ಚು. ಸಾಯುವ ಕಾಯಿಲೆಯಲ್ಲ, ಹಾಸಿಗೆ ಹಿಡಿಸುವ ಕಾಯಿಲೆಯಲ್ಲ, ಕೆರೆದುಕೊಂಡರೆ ಆಯಿತು ಅನ್ನುತ್ತಾರೆ. ನನ್ನಿಂದ ಅದು ಏನು ಕಿತ್ತುಕೊಂಡಿತು ಅನ್ನುವುದನ್ನು ಕೇಳಿ ಆಮೇಲೆ ನಗಲಿ.

ಆಣೆ ಹೋಗಿ ನಯಾಪೈಸೆ ಬಂದ ಹೊಸದು. ನಮ್ಮ ಯಜಮಾನರು ಯಶವಂತಪುರದಲ್ಲಿ ರೈಲ್ವೆ ಗೂಡ್ಸ್ ಆಫೀಸಿನ ಗುಮಾಸ್ತರು. ಸ್ಟೇಷನ್ನಿನ ಹತ್ತಿರವೇ ಒಂದು ವಠಾರದಲ್ಲಿ ನಮ್ಮ ಎರಡು ಕೋಣೆಯ ಮನೆ. ಇದ್ದವರು ನಾವಿಬ್ಬರು ಮತ್ತು ನಮ್ಮತ್ತೆ. ನನ್ನ ತವರು ತುಮಕೂರು ರಸ್ತೆಯ ಮಾಕಳಿ. ಚೊಚ್ಚಲ ಹೆರಿಗೆ ಅಲ್ಲೇ ಆಗಿ, ಬಾಣಂತನ ಮುಗಿಸಿಕೊಂಡು, ಮಗಳನ್ನು ಎತ್ತಿಕೊಂಡು ಐದನೇ ತಿಂಗಳಲ್ಲಿ ಯಶವಂತಪುರಕ್ಕೆ ಬಂದೆ. ಮಗಳಿಗೆ ಸರೋಜ ಎಂದು ಹೆಸರಿಟ್ಟಿದ್ದೆವು, ಕರೆಯುತ್ತಿದ್ದದ್ದು ಪುಟ್ಟಿ ಎಂದು. ರೈಲು ಕೂಗಿದರೆ ಸಾಕು, ಕುಡಿಯುವುದನ್ನು ನಿಲ್ಲಿಸಿ, ಕಣ್ಣರಳಿಸಿ ನನ್ನ ಮುಖ ನೋಡಿ ನಗುತ್ತಿದ್ದಳು. ಗೂಡ್ಸ್ ಗಾಡಿಗಳಿಗೆ ಹೊತ್ತುಗೊತ್ತಿಲ್ಲ, ಹೀಗಾಗಿ ದಿನವೆಲ್ಲ ನಗುವೇ.

ಆಗ ಅವರೆಕಾಯಿಯ ಕಾಲ. ಒಂದು ಸಂಜೆ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಸೊಂಟದಲ್ಲಿ, ಲಂಗದ ಲಾಡಿ ಬಿಗಿಯುವ ಕಡೆ, ತುರಿಕೆ ಶುರುವಾಯಿತು. ಹುಳ ಏನಾದರೂ ಹೊಕ್ಕಿತೇನೋ ಅಂತ ಸೀರೆ ಕೊಡವಿಕೊಂಡೆ. ದೀಪ ಹಚ್ಚುವ ಹೊತ್ತಿಗೆ ಬೆನ್ನು, ತೊಡೆ, ತೋಳು ಎಲ್ಲ ಕಡೆ ದದ್ದು. ಕಾವಲಿಯ ಮೇಲಿನ ರೊಟ್ಟಿಯ ಹಾಗೆ ಒಂದೊಂದೇ ಉಬ್ಬಿ, ಅಕ್ಕಪಕ್ಕದವು ಕೂಡಿಕೊಂಡು ದೊಡ್ಡದಾದವು. ನಮ್ಮತ್ತೆ ದೀಪ ಹಿಡಿದು ನೋಡಿ, ಪಿತ್ತದ ಗಂಧೆ ಕಣೆ, ಅವರೆಕಾಯಿ ನಂಜಾಗಿದೆ, ಹೆದರಬೇಡ ಅಂದರು. ಒಳಗಿನಿಂದ ಕರಿಕಂಬಳಿ ತಂದು ನನ್ನನ್ನು ಬೋರಲು ಮಲಗಿಸಿ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ತಿಕ್ಕಿದರು. ಆಹಾ, ಆ ಸುಖ ಹೇಳತೀರದು. ತುರಿಕೆ ಇರುವವರಿಗೇ ಗೊತ್ತು ಆ ಒರಟು ಕಂಬಳಿ ಏನು ಅಂತ. ಬೆಳಿಗ್ಗೆ ನೋಡಿದರೆ ಮೈ ಮೇಲೆ ಒಂದು ಕಲೆಯೂ ಇಲ್ಲ.

ಗಂಧೆ ಇರುವುದೇ ಹಾಗೆ ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಎದ್ದದ್ದು ತಾನಾಗಿಯೇ ಇಳಿಯುತ್ತದೆ. ಉಜ್ಜಿದರೂ ಇಳಿಯುತ್ತದೆ, ಸುಮ್ಮನೆ ಕೂತರೂ ಇಳಿಯುತ್ತದೆ. ಒಳ್ಳೆಯ ಹೆಸರು ಮಾತ್ರ ಕಂಬಳಿಗೆ ಬಂತು.

ಮಾರನೆಯ ಸಂಜೆ ಮತ್ತೆ ಎದ್ದಿತು. ಅದರ ಮಾರನೆಯ ದಿನವೂ. ಅವರೆಕಾಯಿ ನಿಲ್ಲಿಸಿದೆವು. ಆಮೇಲೆ ಬದನೆಕಾಯಿ, ಕಡಲೆಕಾಯಿ, ಉಪ್ಪಿನಕಾಯಿ, ಹುಣಸೆಹಣ್ಣು. ಒಂದೊಂದಾಗಿ ನನ್ನ ತಟ್ಟೆಯಿಂದ ಎಲ್ಲವೂ ಹೋಗಿ ಕಡೆಗೆ ಉಳಿದದ್ದು ಅನ್ನ, ಮಜ್ಜಿಗೆ, ಜೀರಿಗೆ ಕಷಾಯ. ಮಾಕಳಿಯಿಂದ ನಮ್ಮಮ್ಮ ಒಂದು ಮಡಿಲು ದೊಡ್ಡಪತ್ರೆ ಸೊಪ್ಪು ಕಿತ್ತು ತಂದು, ಕಿವುಚಿ ಮೈಗೆ ಹಚ್ಚುತ್ತ, "ಏನವ್ವಾ, ಮೈಯೆಲ್ಲ ಇಂಗೆ ಎದ್ದೈತೆ. ಯಾರ ಕಣ್ಣು ಬಿತ್ತೋ ಕಾಣೆ" ಅಂತ ಕಣ್ಣೊರೆಸಿಕೊಂಡಳು. ದೃಷ್ಟಿ ತೆಗೆದರು. ನಾಗರಕಲ್ಲಿಗೆ ತನಿ ಎರೆದರು. ಬೀದಿಯ ಕೊನೆಯ ಡಾಕ್ಟರು ಕ್ಯಾಲ್ಸಿಯಂ ಸೂಜಿ ಹಾಕಿದರು. ರಕ್ತನಾಳಕ್ಕೆ ನಿಧಾನವಾಗಿ ಚುಚ್ಚುವಾಗ ಗಂಟಲಿನಿಂದ ಅಂಗಾಲಿನವರೆಗೆ ಬಿಸಿನೀರು ಹುಯ್ದ ಹಾಗಾಗುತ್ತಿತ್ತು. ಹಾಕಿಸಿಕೊಂಡ ದಿನ ಸ್ವಲ್ಪ ವಾಸಿ ಅನ್ನಿಸುತ್ತಿತ್ತು, ಅಷ್ಟೆ.

ಏನೇ ಔಷಧಿ ಬಂದರೂ ಹೋದರೂ ಸಂಜೆಯ ಕಂಬಳಿ ತಪ್ಪಲಿಲ್ಲ. ನಮ್ಮತ್ತೆಯನ್ನು ನಾನು ದೂರುವುದಿಲ್ಲ. ಮಂಡಿನೋವಿನಲ್ಲೂ ನೆಲಕ್ಕೆ ಕೂತು, ಕೈ ಸೋಲುವವರೆಗೆ ನನ್ನ ಬೆನ್ನು ತಿಕ್ಕುತ್ತಿದ್ದರು. ಹೆತ್ತವಳೂ ಅಷ್ಟು ಮಾಡುವುದು ಕಷ್ಟ. ತಿಕ್ಕಿದ ಕಡೆಯೆಲ್ಲ ಗಂಧೆ ಇನ್ನೂ ಕೆಂಪಗೆ, ಇನ್ನೂ ದಪ್ಪಗೆ ಏಳುತ್ತಿದ್ದುದನ್ನು ಇಬ್ಬರೂ ನೋಡುತ್ತಿದ್ದೆವು. ಅದನ್ನು ನೋಡಿ ನಮ್ಮತ್ತೆಗೆ ಸಮಾಧಾನ. ಒಳಗಿನ ಪಿತ್ತ ಹೊರಗೆ ಬರುತ್ತಾ ಇದೆ, ಬರಲಿ, ಎಲ್ಲ ಬಂದುಬಿಡಲಿ ಎಂದು ಇನ್ನಷ್ಟು ಉಜ್ಜುತ್ತಿದ್ದರು.

ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಎದ್ದರೆ ನನಗೆ ಬಾಯಿ ತೆರೆಯಲಾಗಲಿಲ್ಲ. ತುಟಿ ಎರಡೂ ಊದಿ ಮುಂದಕ್ಕೆ ಬಂದಿದ್ದವು, ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಕನ್ನಡಿ ನೋಡುವುದಕ್ಕೂ ಮುಂಚೆ ತೊಟ್ಟಿಲ ಹತ್ತಿರ ಹೋದೆ, ಪುಟ್ಟಿ ಎದ್ದು ಕೈಕಾಲು ಆಡಿಸುತ್ತಿದ್ದಳು. ಬಗ್ಗಿ ಎತ್ತಿಕೊಳ್ಳಲು ಹೋದರೆ ನನ್ನ ಮುಖ ನೋಡಿ ಮಗು ಕಿರುಚಿಕೊಂಡಿತು. ಬರಿಯ ಅಳುವಲ್ಲ, ಹೆದರಿ ಉಸಿರು ಕಟ್ಟಿದ ಕಿರುಚಾಟ. ನಾನು ಮಾತಾಡಿಸಿದೆ, ದನಿಯಾದರೂ ಗುರುತು ಸಿಕ್ಕೀತು ಅಂತ. ಊದಿದ ಬಾಯಿಂದ ಬಂದ ದನಿಯೂ ನನ್ನದಾಗಿರಲಿಲ್ಲ. ನಮ್ಮತ್ತೆ ಓಡಿ ಬಂದು ಮಗುವನ್ನು ಕಿತ್ತುಕೊಂಡರು. ಊತ ಇಳಿಯುವುದಕ್ಕೆ ಎರಡು ದಿನ ಹಿಡಿಯಿತು. ಅಷ್ಟು ಹೊತ್ತೂ ನಾನು ಮುಖಕ್ಕೆ ಸೆರಗು ಮುಚ್ಚಿಕೊಂಡೇ ಹಾಲು ಕುಡಿಸಿದೆ.

ಆ ವಾರವೇ ಪುಟ್ಟಿಯ ಕುತ್ತಿಗೆ, ಎದೆಯ ಮೇಲೆ ಸಣ್ಣ ಕೆಂಪು ಗುಳ್ಳೆ ಕಾಣಿಸಿದವು. ಬೇಸಿಗೆಯ ಬೆವರುಸಾಲೆ. ವಠಾರದ ಅರ್ಧ ಮಕ್ಕಳಿಗೆ ಇತ್ತು. ಆದರೆ ನಮ್ಮ ಮನೆಯಲ್ಲಿ ಅದನ್ನು ಬೆವರುಸಾಲೆ ಅನ್ನುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ನಮ್ಮತ್ತೆ ಮಗುವಿನ ಅಂಗಿ ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಹಿರಿಯ ಮಗನಾದ ನಮ್ಮ ಭಾವನಿಗೂ ನಮ್ಮ ಯಜಮಾನರಿಗೂ ನಡುವೆ ಅವರಿಗೆ ಇನ್ನೂ ಎರಡು ಮಕ್ಕಳಾಗಿದ್ದವು, ಎರಡೂ ಹಾಲುಗೂಸಾಗಿದ್ದಾಗಲೇ ಹೋಗಿದ್ದವು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಮಾತು. ಅವತ್ತು ಅವರೇ ಆಡಿದರು.

"ತಾಯಿ ಮೈಯ್ಯಿನ ಪಿತ್ತ ಹಾಲಲ್ಲಿ ಮಗೀಗೆ ಇಳೀತದೆ. ಎರಡು ಮಣ್ಣು ಮಾಡಿದೋಳು ನಾನು, ಜಯಾ. ಇನ್ನೊಂದು ನನ್ನ ಕೈಲಿ ಆಗಲ್ಲ."

ನನಗೂ ಅದೇ ಹೆದರಿಕೆ ಹೊಕ್ಕಿತ್ತು. ಯಲಹಂಕದಲ್ಲಿ ನಮ್ಮ ಭಾವ ಪ್ರೈಮರಿ ಶಾಲೆಯ ಮೇಷ್ಟ್ರು. ಅವರ ಹೆಂಡತಿ, ನನ್ನ ವಾರಗಿತ್ತಿ, ಲಕ್ಷ್ಮಕ್ಕ. ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಒಂದು ಕರೆಯುವ ಹಸು ಇತ್ತು. ನನ್ನ ಮೈ ವಾಸಿಯಾಗುವವರೆಗೆ ಮಗು ಅಲ್ಲಿರಲಿ ಎಂದು ಮಾತಾಯಿತು. ನಮ್ಮ ಯಜಮಾನರು ಕೆಟ್ಟವರಲ್ಲ, ತಾಯಿಯ ಮುಂದೆ ಬಾಯಿ ಬಾರದವರು. ಹಿತ್ತಲಲ್ಲಿ ನನ್ನ ಪಕ್ಕ ನಿಂತು, ಸ್ವಲ್ಪ ದಿನ ತಾನೆ, ಯಲಹಂಕ ಎಷ್ಟು ದೂರ, ಪ್ಯಾಸೆಂಜರ್ ಹತ್ತಿದರೆ ಆಯಿತು ಅಂದರು. ಅವರ ಕಣ್ಣಲ್ಲೂ ನೀರಿತ್ತು. ಆ ಭಾನುವಾರ ಲಕ್ಷ್ಮಕ್ಕ ಬಂದು ಮಗುವನ್ನು ಕರೆದುಕೊಂಡು ಹೋದಳು. ಎತ್ತಿಕೊಳ್ಳುವಾಗ ನನ್ನ ಮುಖ ನೋಡುವುದಕ್ಕೆ ಅವಳಿಗೆ ಧೈರ್ಯ ಬರಲಿಲ್ಲ.

ಹಾಲು ಬತ್ತಬೇಕಲ್ಲ. ಅದಕ್ಕೆ ನಮ್ಮ ಕಡೆ ಎದೆಗೆ ಮಲ್ಲಿಗೆ ಹೂ ಕಟ್ಟುತ್ತಾರೆ. ನಮ್ಮತ್ತೆ ಎರಡು ಹೊತ್ತೂ ಹೊಸ ದಂಡೆ ತರಿಸಿ, ಎದೆಯ ಸುತ್ತ ಸುತ್ತಿ ಬಟ್ಟೆ ಬಿಗಿದರು. ಮೇಲೆ ಮಲ್ಲಿಗೆಯ ವಾಸನೆ, ಕೆಳಗೆ ಕಲ್ಲಾದ ಎದೆ, ಬಟ್ಟೆ ಬಿಗಿದ ಕಡೆಯೆಲ್ಲ ಗಂಧೆ. ರೈಲು ಕೂಗಿದಾಗಲೆಲ್ಲ ಹಾಲು ತಾನೇ ತಾನಾಗಿ ಒಸರಿ ಹೂವೆಲ್ಲ ಒದ್ದೆಯಾಗುತ್ತಿತ್ತು. ಯಶವಂತಪುರದಲ್ಲಿ ಎಷ್ಟು ರೈಲು ಕೂಗುತ್ತವೆ ಅನ್ನುವುದು ಅಲ್ಲಿ ಇದ್ದವರಿಗೆ ಗೊತ್ತು. ಕೊನೆಗೆ ಹಾಲು ನಿಂತಿತು. ಅಂದಿನಿಂದ ನಾನು ಮಲ್ಲಿಗೆ ಮುಡಿದಿಲ್ಲ. ಮದುವೆ ಮನೆಗಳಲ್ಲಿ ಕೊಟ್ಟರೆ ತೆಗೆದುಕೊಂಡು ಪಕ್ಕದವರಿಗೆ ದಾಟಿಸುತ್ತೇನೆ.

ಮಗು ಹೋದ ಮೇಲೂ ಗಂಧೆ ಹೋಗಲಿಲ್ಲ. ಭಾನುವಾರ ಭಾನುವಾರ ಯಲಹಂಕಕ್ಕೆ ಹೋಗುತ್ತಿದ್ದೆವು. ಮೈ ಮೇಲೆ ಗಂಧೆ ಇದ್ದರೆ ನಾನು ಮಗುವನ್ನು ಮುಟ್ಟುತ್ತಿರಲಿಲ್ಲ. ಮುಟ್ಟಬೇಡ ಎಂದು ಯಾರೂ ಹೇಳಿರಲಿಲ್ಲ, ನಾನೇ ದೂರ ಕೂರುತ್ತಿದ್ದೆ. ಪುಟ್ಟಿ ತೆವಳಿದ್ದನ್ನು, ನಿಂತದ್ದನ್ನು, ಹಸುವಿನ ಬಾಲ ಹಿಡಿಯಲು ಓಡಿದ್ದನ್ನು ನಾನು ಗೋಡೆಗೆ ಒರಗಿ ನೋಡಿದೆ. ಅವಳು ಮೊದಲು ಅಮ್ಮ ಅಂದದ್ದು ಲಕ್ಷ್ಮಕ್ಕನಿಗೆ. ಮನೆಯಲ್ಲಿ ಬೇರೆ ಯಾರಿಗೆ ಅನ್ನಬೇಕಿತ್ತು?

ಹೀಗೆ ಒಂದೂವರೆ ವರ್ಷ ಆಯಿತು. ಆಗ ಗೂಡ್ಸ್ ಆಫೀಸಿನ ಹಿರಿಯರೊಬ್ಬರು ನಮ್ಮ ಯಜಮಾನರಿಗೆ ಹೇಳಿದರಂತೆ, ಪೇಟೆಯ ದೊಡ್ಡಾಸ್ಪತ್ರೆಯಲ್ಲಿ ಚರ್ಮಕ್ಕೇ ಬೇರೆ ಡಾಕ್ಟರಿದ್ದಾರೆ, ತೋರಿಸಿ ಎಂದು. ಹೋದೆವು. ಆ ವಿಭಾಗದ ಬಾಗಿಲ ಮೇಲೆ ಚರ್ಮ ಮತ್ತು ಗುಹ್ಯರೋಗ ಎಂದು ಬೋರ್ಡು ಹಾಕಿತ್ತು. ನಮ್ಮ ಯಜಮಾನರು ಅದನ್ನು ಓದಿದವರೇ ಅಲ್ಲಿಯೇ ನಿಂತುಬಿಟ್ಟರು. ನೀನು ಹೋಗಿರು, ನಾನು ಇಲ್ಲೇ ಮರದ ಕೆಳಗೆ ಇರುತ್ತೇನೆ ಅಂದರು. ರೈಲ್ವೆಯವರು ಯಾರಾದರೂ ಆ ಬೋರ್ಡಿನ ಕೆಳಗೆ ತಮ್ಮನ್ನು ನೋಡಿಬಿಟ್ಟರೆ ಅನ್ನುವ ಭಯ. ನನಗೆ ಸಿಟ್ಟೂ ಬಂತು, ನಗುವೂ ಬಂತು.

ಒಳಗೆ ಉದ್ದದ ಬೆಂಚು. ನನ್ನಂತೆಯೇ ತಲೆಯ ಮೇಲೆ ಸೆರಗು ಎಳೆದುಕೊಂಡ ಹೆಂಗಸರು. ಯಾರೂ ಯಾರ ಮುಖ ನೋಡುತ್ತಿರಲಿಲ್ಲ. ಬೆಂಚಿನ ತುದಿಯಲ್ಲಿ ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಿದ್ದ ಒಬ್ಬ ಅಜ್ಜಿ ಕೂತಿದ್ದಳು. ಅವಳ ಪಕ್ಕ ಜಾಗವಿದ್ದರೂ ಯಾರೂ ಕೂರದೆ ನಿಂತಿದ್ದರು. ನಾನು ಕೂತೆ. ನನ್ನ ಮೈಯನ್ನೂ ಜನ ಹಾಗೇ ನೋಡುತ್ತಿದ್ದರಲ್ಲ. ಅಜ್ಜಿ ನನ್ನ ತೋಳು ನೋಡಿ, "ಇದು ಗಂಧೆ ಕಣಮ್ಮ, ಓಗ್ತದೆ ಬಿಡು. ನಂದು ಓಗಾಕಿಲ್ಲ" ಅಂದಳು. ಅಷ್ಟು ದಿನಗಳಲ್ಲಿ ಹೋಗುತ್ತದೆ ಎಂದು ನನಗೆ ಯಾರಾದರೂ ಖಂಡಿತವಾಗಿ ಹೇಳಿದ್ದರೆ ಅದು ಅವಳೊಬ್ಬಳೇ. ತನ್ನ ಗಂಟಿನಿಂದ ಒಂದು ಸೀಬೆಹಣ್ಣು ತೆಗೆದು ಕೊಡಲು ಬಂದವಳು, ಏನು ನೆನಪಾಯಿತೋ, ಮತ್ತೆ ಒಳಗಿಟ್ಟುಕೊಂಡಳು. ನಾನೇ ಕೈ ಚಾಚಿ ಕೇಳಿ ತೆಗೆದುಕೊಂಡು ತಿಂದೆ.

ಡಾಕ್ಟರು ವಯಸ್ಸಾದವರು, ಮೆತ್ತಗಿನ ದನಿ. ಏನು ತಿಂತೀರಿ, ಏನು ಕುಡಿತೀರಿ ಎಂದು ಎಲ್ಲರಂತೆ ಕೇಳಿದರು. ಆಮೇಲೆ, ಬೇರೆ ಯಾರೂ ಕೇಳದ ಒಂದು ಮಾತು ಕೇಳಿದರು. ಗಂಧೆ ಎದ್ದಾಗ ಮನೆಯಲ್ಲಿ ಏನು ಮಾಡುತ್ತಾರೆ? ಕಂಬಳಿಯಲ್ಲಿ ಉಜ್ಜುತ್ತಾರೆ ಅಂದೆ. ದಿನಾಲೂ? ದಿನಾಲೂ. ಅವರು ನನ್ನ ಎಡಗೈ ಮೇಜಿನ ಮೇಲಿಡಿಸಿ, ಪೆನ್ನಿನ ಮುಚ್ಚಳದ ಮೊಂಡು ತುದಿಯಿಂದ ಮುಂಗೈ ಒಳಬದಿಯಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದರು. ನೋವಾಗಲಿಲ್ಲ. ನೋಡುತ್ತಿರಿ ಅಂದರು. ನಾನು ನೋಡುತ್ತಿದ್ದ ಹಾಗೇ ಗೆರೆ ಕೆಂಪಾಯಿತು, ಅದರ ನಡುವೆ ಬೆಳ್ಳಗೆ ಒಂದು ಏರು ಎದ್ದು ನಿಂತಿತು. ಹೊರಗೆ ಮರದ ಕೆಳಗಿದ್ದ ನಮ್ಮ ಯಜಮಾನರನ್ನು ಕರೆಸಿ, ಅವರ ಮುಂದೆ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದು ತೋರಿಸಿದರು.

"ಇವರ ಚರ್ಮ ಹೀಗೆ ಕಣ್ರೀ. ಗೀರಿದ್ರೆ, ಉಜ್ಜಿದ್ರೆ, ಬಿಗಿದ್ರೆ ಏಳತ್ತೆ. ಹುಟ್ಟು ಎಲ್ಲಿಂದ ಅಂತ ಕೇಳಿದ್ರೆ ನನಗೂ ಗೊತ್ತಿಲ್ಲ, ಎಷ್ಟೋ ಸಲ ಗೊತ್ತಾಗೋದೇ ಇಲ್ಲ. ಆದ್ರೆ ದಿನಾ ಔಷಧಿ ಅಂತ ನೀವು ಉಜ್ತಿದ್ದೀರಲ್ಲ ಕಂಬಳಿ, ಅದೇ ಅದನ್ನ ಎಬ್ಬಿಸ್ತಾ ಇತ್ತು."

ನಮ್ಮ ಯಜಮಾನರು ಆ ಎರಡು ಗೆರೆಗಳನ್ನೇ ನೋಡುತ್ತ ನಿಂತರು. ನನಗೆ ಕಂಬಳಿಯ ಯೋಚನೆಯೇ ಬರಲಿಲ್ಲ. ಬಾಯಿಗೆ ಬಂದದ್ದು ಒಂದೇ ಪ್ರಶ್ನೆ. "ಡಾಕ್ಟ್ರೇ, ಇದು ಹಾಲಲ್ಲಿ ಮಗೂಗೆ ಹೋಗತ್ತಾ?"

"ಇಲ್ಲಮ್ಮ. ಅದು ಹೇಗೆ ಹೋಗತ್ತೆ? ಧಾರಾಳವಾಗಿ ಕುಡಿಸಿ" ಅಂದರು ಅವರು. ಎಷ್ಟು ತಿಂಗಳ ಮಗು ಎಂದು ಕೇಳಿದರು. ನನಗೆ ಹೇಳಲಾಗಲಿಲ್ಲ. ಆ ಕೋಣೆಯಲ್ಲಿ, ಅಷ್ಟು ಜನರ ಮುಂದೆ, ದನಿ ತೆಗೆದು ಅತ್ತುಬಿಟ್ಟೆ. ಪಾಪ, ಕಾಯಿಲೆ ವಾಸಿಯಾಗದು ಅಂತ ಹೆದರಿದ್ದೇನೆ ಅಂದುಕೊಂಡು ಅವರು ಏನೇನೋ ಸಮಾಧಾನ ಹೇಳಿದರು.

ಒಂದು ಪುಟ್ಟ ಮಾತ್ರೆ ಬರೆದುಕೊಟ್ಟರು. ನುಂಗಿದರೆ ತೂಕಡಿಕೆ ಬರುತ್ತಿತ್ತು, ಆದರೆ ಗಂಧೆ ತಡೆಯುತ್ತಿತ್ತು. ತುಟಿ ಊದಿ ಉಸಿರಿಗೆ ತೊಂದರೆಯಾದರೆ ಮನೆಯಲ್ಲಿ ಕೂರದೆ ಓಡಿ ಬನ್ನಿ ಎಂದು ನಮ್ಮ ಯಜಮಾನರಿಗೆ ಎರಡು ಸಲ ಹೇಳಿದರು. ಬಿಗಿಯಾಗಿ ಉಡಬೇಡಿ, ತುರಿಸಿದರೆ ತಣ್ಣೀರು ಬಟ್ಟೆ ಹಾಕಿಕೊಳ್ಳಿ, ಹೊಟ್ಟೆ ತುಂಬ ಊಟ ಮಾಡಿ ಅಂದರು. ಮನೆಗೆ ಬಂದು ನಮ್ಮ ಯಜಮಾನರೇ ತಾಯಿಗೆ ಎಲ್ಲ ಹೇಳಿದರು, ನನ್ನ ತೋಳಿನ ಮೇಲೆ ಉಗುರಿನಲ್ಲಿ ಗೆರೆ ಎಳೆದು ತೋರಿಸಿದರು. ನಮ್ಮತ್ತೆ ನೋಡಿದರು. ಎದ್ದು ಹೋಗಿ ಕಂಬಳಿಯನ್ನು ಮಡಿಸಿ, ಹಿತ್ತಲ ಕಡೆ ಹೋಗುತ್ತಿದ್ದ ಸೌದೆಯವಳಿಗೆ ಕೊಟ್ಟುಬಿಟ್ಟರು. ಅವತ್ತು ಸಂಜೆ ಅವರು ಊಟ ಮಾಡಲಿಲ್ಲ. ಕತ್ತಲಾದ ಮೇಲೆ ನನ್ನ ಹತ್ತಿರ ಬಂದು, "ಪುಟ್ಟೀನ ಕರ್ಕೊಂಡು ಬಾ ಹೋಗು" ಅಂದರು.

ಭಾನುವಾರದವರೆಗೂ ನಾನು ನೆಲದ ಮೇಲೆ ನಡೆಯಲಿಲ್ಲ. ತೊಟ್ಟಿಲಿಗೆ ದೊಡ್ಡವಳಾಗಿದ್ದಾಳೆ ಅಂತ ಚಾಪೆಯ ಮೇಲೆ ಹಾಸಲು ಪುಟ್ಟ ಹಾಸಿಗೆ ಹೊಲಿದೆ. ಯಲಹಂಕದಲ್ಲಿ ವಿಷಯ ಕೇಳಿ ಭಾವ ಒಳ್ಳೆಯದಾಯಿತು ಅಂದರು. ಲಕ್ಷ್ಮಕ್ಕ ಒಳಗೆ ಹೋಗಿ ಮಗುವಿನ ಲಂಗ, ಅಂಗಿ, ಬೆಳ್ಳಿಯ ಕಾಲುಗೆಜ್ಜೆ, ಹಾಲು ಕುಡಿಯುವ ಲೋಟ ಎಲ್ಲ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ತಂದಿಟ್ಟಳು. ಹಾಲಿಗೆ ಸಕ್ಕರೆ ಬೇಡ, ಬೆಲ್ಲ ಹಾಕು, ಮಲಗುವಾಗ ಕಿವಿ ಹಿಡಿದುಕೊಳ್ಳುತ್ತಾಳೆ, ಬಿಡಿಸಬೇಡ ಅಂದಳು. ಮಗಳ ಅಭ್ಯಾಸವನ್ನು ನಾನು ಇನ್ನೊಬ್ಬರಿಂದ ಕೇಳಿ ಕಲಿತೆ.

ರೈಲಿನಲ್ಲಿ ಪುಟ್ಟಿ ಕಿಟಕಿ ನೋಡುತ್ತ ಚೆನ್ನಾಗಿಯೇ ಬಂದಳು. ಮನೆಗೆ ಬಂದು ಕತ್ತಲಾದಾಗ ಶುರುವಾಯಿತು. ಅಮ್ಮ ಎಲ್ಲಿ ಅಂದಳು. ನಾನೇ ಅಮ್ಮ ಅಂದೆ. ಅವಳು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಸುಳ್ಳು ಹೇಳುವ ದೊಡ್ಡವರನ್ನು ಮಕ್ಕಳು ನೋಡುವ ನೋಟ. ಊಟ ಬಿಟ್ಟಳು. ಬೆಲ್ಲ ಹಾಕಿದ ಹಾಲನ್ನೂ ತಳ್ಳಿದಳು. ಅಪ್ಪಿಕೊಂಡರೆ ಬಿಡಿಸಿಕೊಳ್ಳಲು ನನ್ನ ತೋಳನ್ನೆಲ್ಲ ಪರಚಿದಳು, ಪರಚಿದ ಕಡೆಯೆಲ್ಲ ಅವಳ ಬೆರಳಿನ ಗುರುತು ಉದ್ದುದ್ದಕ್ಕೆ ಎದ್ದು ನಿಂತವು. ಅದನ್ನು ನೋಡಿ ಅವಳೇ ಹೆದರಿ ಇನ್ನೂ ಅತ್ತಳು. ದಿನ ಕಳೆದ ಹಾಗೆ ಅಳು ನಿಂತಿತು, ಅದು ಇನ್ನೂ ಕೆಟ್ಟದ್ದು. ಹೊಸ್ತಿಲ ಮೇಲೆ ಕೂತು, ರೈಲು ಕೂಗಿದಾಗಲೆಲ್ಲ ಎದ್ದು ನಿಂತು, ಅಮ್ಮ ಬಂದಳು ಎಂದು ಬೀದಿಯ ಕಡೆ ನೋಡುತ್ತಿದ್ದಳು. ಜ್ವರ ಬಂತು. ನಮ್ಮತ್ತೆ, ಮಕ್ಕಳು ಮರೆಯುತ್ತವೆ, ಇನ್ನು ಎಂಟು ದಿನ ತಡಿ ಅಂದರು. ಮರೆಯುತ್ತಿದ್ದಳೋ ಏನೋ. ನನ್ನನ್ನು ಮರೆತಿರಲಿಲ್ಲವೇ?

ಜ್ವರ ಬಿಟ್ಟ ಬೆಳಿಗ್ಗೆ ನಾನೇ ಗಂಟು ಕಟ್ಟಿದೆ. ಯಾರೂ ಹೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ಯಲಹಂಕದ ಸ್ಟೇಷನ್ನಿನಲ್ಲಿ ಇಳಿದರೆ, ಬೇವಿನ ಮರದ ಕೆಳಗೆ ಲಕ್ಷ್ಮಕ್ಕ ನಿಂತಿದ್ದಳು. ನಾವು ಬರುವುದು ಅವಳಿಗೆ ಗೊತ್ತಿರಲಿಲ್ಲ. ಮಗು ಹೋದಂದಿನಿಂದ ಯಶವಂತಪುರದ ಪ್ಯಾಸೆಂಜರ್ ಬರುವ ಹೊತ್ತಿಗೆಲ್ಲ ಬಂದು ನಿಂತು, ಗಾಡಿ ಹೋದ ಮೇಲೆ ಮನೆಗೆ ಹೋಗುತ್ತಿದ್ದಳಂತೆ. ಪುಟ್ಟಿ ನನ್ನ ಸೊಂಟದಿಂದ ಜಾರಿ ಇಳಿದು ಓಡಿದಳು. ಲಕ್ಷ್ಮಕ್ಕ ಅವಳನ್ನು ಎತ್ತಿಕೊಳ್ಳಲಿಲ್ಲ. ತನ್ನ ಮಂಡಿಗೆ ಅಂಟಿಕೊಂಡ ಮಗುವಿನ ತಲೆಯ ಮೇಲೆ ಕೈಯಿಡದೆ ಹಾಗೇ ನಿಂತು ನನ್ನನ್ನು ನೋಡಿದಳು.

"ನಾನು ಕೇಳಲ್ಲ ಕಣೆ, ಜಯಾ. ಕೇಳಕ್ಕೆ ನಂಗೆ ಬಾಯಿಲ್ಲ. ನೀನು ಏನ್ ಹೇಳಿದ್ರೂ ಸರಿ."

ಅವಳ ಮೇಲೆ ಸಿಟ್ಟು ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಸಿಟ್ಟು ಬರಲಿಲ್ಲ. ಗಂಟನ್ನು ಅವಳ ಕೈಗೆ ಕೊಟ್ಟೆ. ಬಗ್ಗಿ ಪುಟ್ಟಿಯ ಕೆನ್ನೆ ಮುಟ್ಟಿ, "ಚಿಕ್ಕಮ್ಮ ಹೋಗ್ಬರ್ತೀನಿ, ಪುಟ್ಟಿ" ಅಂದೆ. ಆ ಹೆಸರು ಅವಳಿಗೆ ಯಾರೂ ಹೇಳಿಕೊಡಲಿಲ್ಲ, ನಾನೇ ಹೇಳಿಕೊಟ್ಟೆ. ಮನೆಗೆ ಕರೆದುಕೊಂಡು ಹೋದ ಮೇಲೆ ಅವಳು ಆಗ ಮೊದಲ ಸಲ ನನ್ನನ್ನು ನೋಡಿ ನಕ್ಕು ಟಾಟಾ ಮಾಡಿದಳು. ವಾಪಸು ಗಾಡಿ ಬರುವವರೆಗೂ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದೆ. ಬದುಕಿನಲ್ಲಿ ಅದಕ್ಕಿಂತ ದೊಡ್ಡ ದುಃಖ ನನಗೆ ಬಂದಿಲ್ಲ, ಆಮೇಲೆ ಸಾವುಗಳನ್ನು ನೋಡಿದ್ದೇನೆ, ಆದರೂ.

ಆಮೇಲೆ ಇಬ್ಬರು ಗಂಡುಮಕ್ಕಳಾದರು. ಇಬ್ಬರಿಗೂ ಹಾಲು ಕುಡಿಸಿದೆ, ಮಾತ್ರೆಯನ್ನು ಆ ಕಾಲದಲ್ಲಿ ಬಿಟ್ಟು, ಬೆನ್ನು ತುಂಬ ಗಂಧೆ ಇಟ್ಟುಕೊಂಡೇ ಕುಡಿಸಿದೆ. ಮಕ್ಕಳ ಮೈ ಮೇಲೆ ಒಂದು ಗುಳ್ಳೆ ಏಳಲಿಲ್ಲ. ಹಿರಿಯವನು ಹಾಲು ಕುಡಿಯುತ್ತಿರುವಾಗ ನಮ್ಮತ್ತೆ ಒಮ್ಮೊಮ್ಮೆ ಬಂದು ನಿಂತು ನೋಡಿ ಹಿತ್ತಲಿಗೆ ಹೋಗುತ್ತಿದ್ದರು.

ಸರೋಜ ಬೇಸಿಗೆ ರಜಕ್ಕೆ, ದಸರೆಗೆ ನಮ್ಮ ಮನೆಗೆ ಬರುತ್ತಿದ್ದಳು. ಶಾಲೆಗೆ ಸೇರಿ ಅಕ್ಷರ ಕಲಿಯುತ್ತಿದ್ದ ಕಾಲ. ಒಂದು ಮಧ್ಯಾಹ್ನ ಪಕ್ಕದಲ್ಲಿ ಮಲಗಿ ಆಡುತ್ತ ನನ್ನ ಮುಂಗೈ ಮೇಲೆ ಉಗುರಿನಿಂದ ಏನೋ ಗೀಚಿದಳು. ನೋಡುತ್ತಿದ್ದ ಹಾಗೆ ಅದು ಎದ್ದು ನಿಂತಿತು. ಮೊದಲು ಬೆಚ್ಚಿದಳು. ನೋಯುವುದಿಲ್ಲ, ಬರಿ ಎಂದೆ. ಅ ಬರೆದಳು. ಎದ್ದಿತು. ಆ ಬರೆದಳು. ಆಮೇಲೆ ಅವಳಿಗೆ ಸ್ಲೇಟು ಬೇಡವಾಯಿತು. ಗಂಡುಮಕ್ಕಳಿಬ್ಬರನ್ನೂ ದೂರ ತಳ್ಳಿ, ಚಿಕ್ಕಮ್ಮನ ಕೈ ನಂದು ಎಂದು ಜಗಳವಾಡುತ್ತಿದ್ದಳು. ಮೊದಲು ಬರೆಯಲು ಬಂದ ಪದ ಎಲ್ಲ ಮಕ್ಕಳಿಗೂ ಒಂದೇ ತಾನೆ, ಅದನ್ನೂ ಬರೆದಳು. ಅಮ್ಮ ಎಂದು ನನ್ನ ಮೈ ಮೇಲೆ ಬೆಳ್ಳಗೆ ಉಬ್ಬಿ ನಿಂತಿತು. ಅವಳು ಬರೆದದ್ದು ಲಕ್ಷ್ಮಕ್ಕನನ್ನು ನೆನೆದು. ನನಗೆ ಅದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಕೈ ಅಲುಗಿಸದೆ ಮಲಗಿದೆ.

"ಅಳಿಸಿ ಹೋಗತ್ತಾ, ಚಿಕ್ಕಮ್ಮ?"

"ಸ್ವಲ್ಪ ಹೊತ್ತಿಗೆ ಹೋಗತ್ತೆ."

"ಹೋದ್ರೆ ಮತ್ತೆ ಬರೀತೀನಿ ಬಿಡು" ಅಂದಳು.

ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಸರೋಜ ಬರುವ ದಿನ ನಾನು ಮಾತ್ರೆ ನುಂಗುತ್ತಿರಲಿಲ್ಲ. ಅವಳು ಇದ್ದಷ್ಟು ದಿನವೂ ನುಂಗುತ್ತಿರಲಿಲ್ಲ. ಮೈಯೆಲ್ಲ ತುರಿಸಿದರೂ ಸರಿ, ಅವಳು ಬರೆದರೆ ಏಳಬೇಕು. ಯಾಕೆ ಹೀಗೆ ಮೈ ಕೆಡಿಸಿಕೊಂಡಿದ್ದೀಯ ಎಂದು ನಮ್ಮ ಯಜಮಾನರು ಒಂದು ಸಲ ಕೇಳಿದರು. ಕೇಳಿದವರು ಮಗು ಮತ್ತು ನನ್ನ ಕೈ ನೋಡಿ ಸುಮ್ಮನಾದರು.

ಆ ಆಸ್ಪತ್ರೆಯ ಅಜ್ಜಿ ಹೇಳಿದ ಹಾಗೆ ಗಂಧೆ ಹೋಗುವುದೂ ಹೋಯಿತು. ಹೇಗೆ ಬಂತು ಎಂದು ಯಾರಿಗೂ ತಿಳಿಯದಂತೆ, ಹೇಗೆ ಹೋಯಿತು ಎಂದೂ ತಿಳಿಯಲಿಲ್ಲ. ಸಂಜೆಗಳು ಒಂದೊಂದಾಗಿ ಖಾಲಿಯಾದವು. ಅವರೆಕಾಯಿ ತಿಂದೆ, ಬದನೆಕಾಯಿ ತಿಂದೆ, ಏನೂ ಆಗಲಿಲ್ಲ. ನಿಮಗೂ ಹೋಗಬಹುದು. ಹೋಗುವವರೆಗೆ ಡಾಕ್ಟರು ಹೇಳಿದ ಮಾತ್ರೆ ನುಂಗಿ, ಹೊಟ್ಟೆ ತುಂಬ ಉಣ್ಣಿ, ನಿಮ್ಮ ಮಕ್ಕಳನ್ನು ಎದೆಯಿಂದ ಇಳಿಸಬೇಡಿ. ನನಗೆ ಗೊತ್ತಿರುವ ವೈದ್ಯ ಇಷ್ಟೇ. ಸರೋಜಳಿಗೆ ಈಗ ಎಲ್ಲ ಗೊತ್ತು, ಅವಳ ಮದುವೆಯ ಹೊತ್ತಿಗೆ ಯಾರೋ ಹೇಳಿದರು. ಈಗಲೂ ಚಿಕ್ಕಮ್ಮ ಎಂದೇ ಕರೆಯುತ್ತಾಳೆ. ನಾನು ಕಲಿಸಿದ ಹೆಸರು, ಬದಲಾಯಿಸು ಎಂದು ಯಾವ ಬಾಯಲ್ಲಿ ಹೇಳಲಿ?

ಗಂಧೆ ವಾಸಿಯಾದ ಆ ವರ್ಷ, ದಸರೆಗೆ ಬಂದಾಗ ಅವಳು ಉದ್ದ ಲಂಗ ಉಡುವಷ್ಟು ದೊಡ್ಡವಳಾಗಿದ್ದಳು. ಅಕ್ಷರ ಬರೆಯುವ ಆಟದ ವಯಸ್ಸು ದಾಟಿತ್ತು. ಆದರೂ ಊಟವಾದ ಮೇಲೆ ಹಳೆಯ ಅಭ್ಯಾಸಕ್ಕೆ ಪಕ್ಕದಲ್ಲಿ ಬಂದು ಕೂತು, ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಉಗುರಿನಲ್ಲಿ ಬರೆದಳು. ಇಬ್ಬರೂ ಕಾದೆವು. ತುಸು ಕೆಂಪಾಗಿ ಅಲ್ಲೇ ಮಾಸಿತು. ಒತ್ತಿ ಇನ್ನೊಂದು ಸಲ ಬರೆದಳು.

"ಬರ್ತಾನೇ ಇಲ್ಲ, ಚಿಕ್ಕಮ್ಮ."

"ವಾಸಿಯಾಯ್ತು ಕಣೆ, ಪುಟ್ಟಿ."

"ಒಳ್ಳೇದಾಯ್ತಲ್ಲ" ಅಂದಳು. ನನ್ನ ಕೈಯನ್ನು ಮೆಲ್ಲಗೆ ಚಾಪೆಯ ಮೇಲೆ ಇಟ್ಟು, ಹುಡುಗರ ಜೊತೆ ಆಡಲು ಎದ್ದು ಹೋದಳು.